ಸ್ವರ ಸೋಸಿದ ರಾಬರ್ಟ್ ಮೋಗ್

ಬಾಯಿ ಅಗಲಿಸಿ 'ಆ' ಎಂದು ಹಾಡುತ್ತ ನಾವು ತುಟಿಗಳನ್ನು ಮೆಲ್ಲನೆ ಮುಚ್ಚುತ್ತ ಬಂದರೆ ಶ್ರುತಿ ಬದಲಾಗುವುದಿಲ್ಲ. ನಾದ ಮಾತ್ರ ಮಂಕಾಗುತ್ತದೆ. ಮೂಲಸ್ವರದೊಡನೆ ಬೆರೆತಿರುವ ಮೇಲಿನ ಸ್ವರಗಳು ಹೊರಬರಲಾರದೆ ಹೋಗುವುದೇ ಇದಕ್ಕೆ ಕಾರಣ. ಈ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಿ ಹೆಸರಾದವರು ಅಮೆರಿಕದ ರಾಬರ್ಟ್ ಮೋಗ್. ಇವರ ಹೆಸರನ್ನು 'ಮೂಗ್' ಎಂದೋದಿ ನಗುವ ಮಕ್ಕಳಿರಬಹುದು. ಮೋಗ್ ಎಂಬುದೇ ಅವರಿಗೆ ಇಷ್ಟವಾದ ಉಚ್ಚಾರಣೆ.

ಇವರು 1934ನೆಯ ಇಸವಿ ಮೇ 23ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ತಾಯಿ ಮಗನಿಗೆ ಪಿಯಾನೋ ಕಲಿಸಲು ಹೊರಟರೆ, ಹುಡುಗನ ಮನಸ್ಸೆಲ್ಲ ಇಂಜಿನಿಯರರಾಗಿದ್ದ ತಂದೆಯ ಉಪಕರಣಗಳ ಮೇಲಿತ್ತು. ಮುಟ್ಟದೆಯೇ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್ ಎಂಬ ವಾದ್ಯವನ್ನು ಹದಿನಾಲ್ಕರ ಪ್ರಾಯದಲ್ಲೇ ತಯಾರಿಸಿದರು. ಮುಂದೆ ತಂದೆ ಮಗ ಕೂಡಿ ಅದನ್ನು ಮಾರಿದ್ದೂ ಉಂಟು. 1965ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಅಷ್ಟರಲ್ಲಿ, 1964ರಲ್ಲಿ, ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರರ ಜೊತೆಗೂಡಿ ಮೋಗ್ ಹೊಸ ಯಂತ್ರವೊಂದನ್ನು ರೂಪಿಸಿದ್ದರು. ಸ್ವರ ಹುಟ್ಟಿಸುವ ಘಟಕ ಒಂದು, ಬಲ ಹೆಚ್ಚಿಸಿ ತಗ್ಗಿಸುವ ಘಟಕ ಇನ್ನೊಂದು. ತಂತಿಗಳಿಂದ ಬೇಕಾದಂತೆ ಜೋಡಿಸಿಕೊಳ್ಳಬಹುದು. ಇವುಗಳಲ್ಲಿ ನಮಗೆ ಬಹಳ ಸೊಗಸಾಗಿ ಕಾಣುವುದು ಅವರ ಸೋಸುವ ಘಟಕ, ಅರ್ಥಾತ್ ಫಿಲ್ಟರ್. ಅದರ ನಕ್ಷೆ ಏಣಿಯಂತಿದೆ. ಎರಡೆರಡು ಟ್ರಾನ್ಸಿಸ್ಟರುಗಳ ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಕೆಪಾಸಿಟರ್. ಏರಿ ಹೋಗುವ ಸಂಕೇತ ಮೆಟ್ಟಿಲು ಮೆಟ್ಟಿಲಿಗೂ ತನ್ನ ಮೇಲಿನ ಸ್ವರಗಳನ್ನು ಕಳೆದುಕೊಳ್ಳುತ್ತದೆ. ಗೊತ್ತುಪಡಿಸಿದ ಎಲ್ಲೆಯನ್ನು ಬಹಳವಾಗಿ ದಾಟಿದ ಸ್ವರಗಳಲ್ಲಿ, ಒಂದೊಂದು ಸ್ಥಾಯಿ ಮೇಲೇರಿದಂತೆ ಅಲೆಯ ಎತ್ತರ ಸುಮಾರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿದರೆ ಆ ಎಲ್ಲೆಯೇ ಸರಿಯುತ್ತದೆ. ತುಟಿ ತೆರೆದು ಮುಚ್ಚಿದಂತೆಯೇ ಸರಿ! ಹೊರಬಂದ ಸಂಕೇತದ ಒಂದಂಶವನ್ನು ಮತ್ತೆ ಒಳಕ್ಕೆ ಕೊಟ್ಟರೆ ಎಲ್ಲೆಯ ಬಳಿಯ ಸ್ವರ ಎದ್ದು ಕೇಳುತ್ತದೆ. ಇನ್ನೂ ಹೆಚ್ಚು ಕೊಟ್ಟರೆ ಫಿಲ್ಟರ್ ತಾನೇ ಹಾಡತೊಡಗುತ್ತದೆ. ಇದಕ್ಕೆ 1969ರಲ್ಲಿ ಪೇಟೆಂಟ್ ದೊರೆಯಿತು.

1968ರಲ್ಲಿ ವೆಂಡಿ ಕಾರ್ಲೋಸ್ ಅವರು ಬಾಖ್‌ನ ಕೃತಿಗಳನ್ನು ಈ ಯಂತ್ರದಲ್ಲಿ ನುಡಿಸಿದ ಧ್ವನಿಮುದ್ರಿಕೆ ಮೋಗ್ ಹೆಸರನ್ನು ಮನೆಮನೆಗೆ ಒಯ್ದಿತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಒಂದು ಯಂತ್ರ ಬಂತು.

ಕೀರ್ತಿ ಬಂದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ಸಾಲದ ಹೊರೆಯಿಂದ 1971ರಲ್ಲಿ ಕಂಪನಿ ಪರರ ಪಾಲಾಯಿತು. 1977ರಲ್ಲಿ ಮೋಗ್ ಅದನ್ನು ಬಿಟ್ಟು ಬಂದಾಗ, ತಮ್ಮ ವಾದ್ಯಗಳಿಗೆ ತಮ್ಮ ಹೆಸರನ್ನೇ ಇಡುವ ಹಕ್ಕು ಅವರಿಗಿರಲಿಲ್ಲ. ಬೇರೆ ಹೆಸರಿನಲ್ಲಿ ಸಣ್ಣ ಕಾರ್ಖಾನೆ ತೆರೆದು, ಬಾಲ್ಯದ ಥೆರೆಮಿನ್‌ಗಳನ್ನೇ ಪುನಃ ತಯಾರಿಸಿದರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. 2002ರಲ್ಲಿ ಹೆಸರು ಮರಳಿ ದೊರೆಯಿತು. ಅದನ್ನು ಅನುಭವಿಸಿದ್ದು ಮೂರೇ ವರ್ಷ. 2005ರ ಆಗಸ್ಟ್ 21ರಂದು ಆಶ್‌ವಿಲ್ ನಗರದಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ತೀರಿಕೊಂಡರು.