ಅಚ್ಚುಕಟ್ಟಿನ ಬಾಳೇ ಶಿವಪೂಜೆ



ಮನೆಯಲ್ಲಿ ಕಾಳುಕಡಿಗೆ ಕೊರತೆಯಿರುವುದಿಲ್ಲ. ಆದರೆ ಬೇಕೆಂದಾಗ ಹೊಲದ ಪಹಣಿ ಸಿಗುವುದಿಲ್ಲ; ಬಿತ್ತುವ ಹೊತ್ತಿಗೆ ನೊಗದ ಮಿಣಿ ಕಾಣುವುದಿಲ್ಲ. ಇದ್ದ ವಸ್ತು ಇಲ್ಲದಂತಾಗುವುದು ಬಡತನದಿಂದಲ್ಲ, ಓರಣವಿಲ್ಲದ್ದರಿಂದ.

ಶರಣರ ವಚನಗಳಿಗೂ ಒಂದು ಕಾಲಕ್ಕೆ ಇದೇ ಗತಿ ಒದಗಿತ್ತು. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಬೆಳಗಿದ ಆ ವಾಣಿಯು ಮಠಗಳಲ್ಲಿ, ಭಕ್ತರ ಮನೆಯ ಜಗಲಿಗಳ ಮೇಲೆ ತಾಡೋಲೆಯ ಕಟ್ಟುಗಳಾಗಿ ಕುಳಿತಿತ್ತು. ಪೂಜಿಸುವವರು ಬಹಳ, ಬಿಚ್ಚಿ ಓದುವವರು ವಿರಳ. ದಾರ ಹರಿದರೆ ಗರಿಗಳು ಚದುರುತ್ತಿದ್ದವು. ಉಳಿದದ್ದು ಗೆದ್ದಲಿನ ಪಾಲಾಗುತ್ತಿತ್ತು.

ಆ ಗರಿಗಳನ್ನು ಓರಣಗೊಳಿಸಿದ ಪುಣ್ಯಪುರುಷರೇ ಫ.ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಗುರುಬಸಪ್ಪ, ದಾನಮ್ಮ ದಂಪತಿಗಳ ಮಗನಾಗಿ ಜನಿಸಿದರು. ಮುಂಬಯಿಯಲ್ಲಿ ಓದಿ, ಕಾಯದೆಯ ಪದವಿ ಪಡೆದು, ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಅಲ್ಲಿ 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ತಲೆಯೆತ್ತಲು ದುಡಿದರು.

ಇದರ ನಡುವೆಯೇ ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸಿದರು. ಕೂಡಿಸಿದ್ದು ದೊಡ್ಡದಲ್ಲ, ಕೂಡಿಸಿದ ಮೇಲೆ ಮಾಡಿದ ಕೆಲಸ ದೊಡ್ಡದು. ಒಂದೊಂದು ಗರಿಯನ್ನೂ ಕೈಯಾರೆ ನಕಲು ಮಾಡಿ, ಹಲವು ಪ್ರತಿಗಳ ಪಾಠವನ್ನು ಹೋಲಿಸಿ, ಅಂಕಿತ ನೋಡಿ ಯಾವ ವಚನ ಯಾವ ಶರಣರದೆಂದು ಗುರುತಿಸಿ, ವಿಷಯವಾರು ಜೋಡಿಸಿದರು. ಇದರ ಫಲವಾಗಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಅಲ್ಲಿಯವರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಬಳಕೆಯಲ್ಲಿದ್ದವು. ಅವರ ದುಡಿಮೆಯಿಂದ ಇನ್ನೂರಕ್ಕೂ ಮಿಕ್ಕಿದ ಶರಣರು ಲೋಕಕ್ಕೆ ಪರಿಚಿತರಾದರು.

ಪರರ ಮುದ್ರಣಾಲಯಗಳನ್ನು ನಂಬಿದರೆ ಕೆಲಸ ಸಾಗದೆಂದು ತಿಳಿದು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಲಿಂಗೈಕ್ಯರಾದರು.

ಅವರು ಸಿರಿವಂತರಾಗಲಿಲ್ಲ, ಸ್ವಂತ ಮನೆಯೂ ಉಳಿಯಲಿಲ್ಲ. ಹಾಗಾದರೆ ಅಚ್ಚುಕಟ್ಟಿನಿಂದ ಬಂದ ಲಾಭವೇನು ಎಂದು ಕೇಳಬಹುದು. ಓರಣವೆಂಬುದು ನಮ್ಮ ಸುಖಕ್ಕಾಗಿ ಮಾತ್ರ ಇರುವುದಲ್ಲ. ಹಿಂದಿನವರು ಕೊಟ್ಟದ್ದನ್ನು ಕೆಡಿಸದೆ ಮುಂದಿನವರ ಕೈಗೆ ಒಪ್ಪಿಸುವುದಕ್ಕಾಗಿ ಅದು ಬೇಕು. ಹಳಕಟ್ಟಿಯವರು ತಮ್ಮ ಮನೆಯನ್ನು ಕಳೆದುಕೊಂಡು ನಾಡಿನ ಮನೆಯನ್ನು ತುಂಬಿದರು. ಇದೇ ನಿಜವಾದ ಕಾಯಕ, ಇದೇ ದಾಸೋಹ.

ಠಾಣಾ ಕುಶನೂರ, ಔರಾದ, ಭಾಲ್ಕಿ ಸೀಮೆಯ ಹಿರಿಯರೇ, ಹೊಲದ ಕಾಗದ, ಸಾಲದ ಲೆಕ್ಕ, ಕೊಟ್ಟುಕೊಂಡ ವಿವರಗಳನ್ನು ಒಂದೆಡೆ ಕಟ್ಟಿಟ್ಟು ಮಕ್ಕಳಿಗೆ ತೋರಿಸಿರಿ. ನೀವು ಹೋದ ಮೇಲೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಬಾರದು. ಜಗಲಿಯ ಮೇಲೆ ಹಳೆಯ ತಾಡೋಲೆಯಿದ್ದರೆ ಹೊಳೆಗೆ ಬಿಡಬೇಡಿರಿ, ಓದಬಲ್ಲವರಿಗೆ ತೋರಿಸಿರಿ. ಇಟ್ಟದ್ದು ಇಟ್ಟಲ್ಲಿ ದೊರೆಯುವ ಮನೆಯಲ್ಲಿ ಮನಸ್ಸೂ ನೆಲೆ ನಿಲ್ಲುತ್ತದೆ. ನಿಂತ ಮನಸ್ಸಿಗೆ ಶಿವನು ದೂರವಲ್ಲ.

ಸರ್ವರಿಗೂ ಶುಭವಾಗಲಿ.