ಗ್ರಂಥಾಲಯ ಪಿತಾಮಹ ಡಾ. ಎಸ್.ಆರ್. ರಂಗನಾಥನ್ ಮತ್ತು ಶಾಲಾ ಮಕ್ಕಳ ಓದು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಖ್ಯಾತರಾದ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ರವರ ಜನ್ಮದಿನೋತ್ಸವವನ್ನು ಪ್ರತಿ ವರ್ಷ ಆಗಸ್ಟ್ 12ರಂದು ದೇಶಾದ್ಯಂತ ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತದೆ. ಪುಸ್ತಕಗಳ ವರ್ಗೀಕರಣಕ್ಕೆ ಅವರು ನೀಡಿದ ಕೊಡುಗೆ ಜಗತ್ತಿಗೆ ತಿಳಿದಿದೆ. ಶಾಲೆಯ ಮಕ್ಕಳು ಪರೀಕ್ಷೆಯ ಭಯವಿಲ್ಲದೆ, ತಮ್ಮ ಇಚ್ಛೆಯಂತೆ ಓದಬೇಕೆಂಬ ಅವರ ಕಾಳಜಿಯೂ ಅಷ್ಟೇ ಸ್ಮರಣೀಯವಾದುದು.

ಜನನ ಮತ್ತು ವಿದ್ಯಾಭ್ಯಾಸ

ರಂಗನಾಥನ್ ರವರು 1892ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಾಮಾಮೃತ ಅಯ್ಯರ್ ರವರು ಊರಿನ ಜನರನ್ನು ಸೇರಿಸಿ ರಾಮಾಯಣದ ಪ್ರವಚನ ಮಾಡುತ್ತಿದ್ದರು. ಬಾಲಕನಿಗೆ ಆರು ವರ್ಷವಾಗಿದ್ದಾಗಲೇ ತಂದೆ ನಿಧನರಾದರು. ಮಾತಿನಲ್ಲಿದ್ದ ತೊದಲುವಿಕೆಯನ್ನೂ ಸಾಧನೆಯಿಂದ ಗೆದ್ದ ರಂಗನಾಥನ್ ರವರು ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ತರಬೇತಿ ಹೊಂದಿದರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಜೀವನವನ್ನು ಆರಂಭಿಸಿದರು. ಕರ್ನಾಟಕದೊಂದಿಗೆ ಅವರ ಸಂಬಂಧ ಹೀಗೆ ಕರಾವಳಿಯಿಂದ ಮೊದಲಾಯಿತು.

ಅಧ್ಯಾಪಕ ವೃತ್ತಿಯಿಂದ ಗ್ರಂಥಾಲಯಕ್ಕೆ

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ಪುಸ್ತಕಗಳಿದ್ದರೂ ಓದುಗರು ವಿರಳವಾಗಿದ್ದ ಆ ಸ್ಥಳ, ತರಗತಿಯ ಚಟುವಟಿಕೆಗೆ ಒಗ್ಗಿದ್ದ ಅಧ್ಯಾಪಕರಿಗೆ ಬೇಸರ ತಂದಿತು. ಕೆಲವೇ ದಿನಗಳಲ್ಲಿ ಅವರು ಮರಳಿ ಕಾಲೇಜಿಗೆ ಕಳುಹಿಸುವಂತೆ ಕೋರಿದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ನಂತರವೂ ಮನಸ್ಸು ಒಪ್ಪದಿದ್ದಲ್ಲಿ ವಿನಂತಿಯನ್ನು ಪರಿಗಣಿಸುವುದೆಂದು ನಿರ್ಧಾರವಾಯಿತು.

ಲಂಡನ್ನಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ ನಗರದ ಗ್ರಂಥಪಾಲಕರಾಗಿದ್ದ ಡಬ್ಲ್ಯು.ಸಿ. ಬರ್ವಿಕ್ ಸೇಯರ್ಸ್. ಸೇಯರ್ಸ್ ರವರು ವರ್ಗೀಕರಣದಲ್ಲಿ ಮಾತ್ರವಲ್ಲದೆ ಮಕ್ಕಳ ಗ್ರಂಥಾಲಯಗಳ ವಿಷಯದಲ್ಲಿಯೂ ಪರಿಣತರಾಗಿದ್ದರು. ಅಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಡವ-ಬಲ್ಲಿದರು, ಹಿರಿಯರು-ಕಿರಿಯರು ಎಂಬ ಭೇದವಿಲ್ಲದೆ ಪುಸ್ತಕಗಳು ಬಳಕೆಯಾಗುತ್ತಿದ್ದುದನ್ನು ರಂಗನಾಥನ್ ರವರು ಕಣ್ಣಾರೆ ಕಂಡರು. ಲಂಡನ್ನಿನ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸಿ ಹಲವು ಬಗೆಯ ವಸ್ತುಗಳನ್ನು ನಿರ್ಮಿಸಬಹುದಾದ ಮೆಕ್ಯಾನೊ ಆಟಿಕೆಯನ್ನು ಕಂಡಾಗ, ಅವರ ಪ್ರಸಿದ್ಧ ಕೋಲನ್ ವರ್ಗೀಕರಣ ಪದ್ಧತಿಯ ಕಲ್ಪನೆ ಹೊಳೆಯಿತು. ಈ ಪದ್ಧತಿಯು 1933ರಲ್ಲಿ ಪ್ರಕಟವಾಯಿತು.

1925ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ನಂತರ ಕಾಲೇಜಿಗೆ ಮರಳುವ ಮಾತನ್ನು ಅವರು ಆಡಲಿಲ್ಲ. ಓದುಗರು ಕಪಾಟಿನ ಬಳಿಗೇ ಹೋಗಿ ಪುಸ್ತಕವನ್ನು ತಾವೇ ಆರಿಸಿಕೊಳ್ಳುವ ಮುಕ್ತ ಪ್ರವೇಶ ಪದ್ಧತಿಯನ್ನು ಜಾರಿಗೆ ತಂದರು. ಗ್ರಂಥಾಲಯ ತೆರೆದಿರುವ ವೇಳೆಯನ್ನು ವಿಸ್ತರಿಸಿದರು.

ಪಂಚಸೂತ್ರಗಳು

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಅವರು 1928ರಲ್ಲಿ ಚಿದಂಬರದಲ್ಲಿ ಸೇರಿದ್ದ ಶಿಕ್ಷಣ ಸಮ್ಮೇಳನದಲ್ಲಿ ಮೊದಲಿಗೆ ಮಂಡಿಸಿದರು. 1931ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದವು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಮೊದಲ ಸೂತ್ರದ ತಿರುಳು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಿರಬೇಕು ಎಂಬುವು ಉಳಿದ ನಾಲ್ಕು ಸೂತ್ರಗಳ ಆಶಯ. ಎರಡನೆಯ ಸೂತ್ರವನ್ನು ಶಾಲೆಗೆ ಅನ್ವಯಿಸಿದಲ್ಲಿ, ತರಗತಿಯ ನಲವತ್ತು ಮಕ್ಕಳಿಗೂ ಒಂದೇ ಪುಸ್ತಕ ಸಾಲದೆಂಬುದು ಸ್ಪಷ್ಟವಾಗುತ್ತದೆ. ಒಂದು ಮಗುವಿಗೆ ಪ್ರಾಣಿಗಳ ಕಥೆ, ಮತ್ತೊಂದಕ್ಕೆ ಯಂತ್ರಗಳ ವಿಷಯ, ಇನ್ನೊಂದಕ್ಕೆ ಪ್ರವಾಸದ ಪುಸ್ತಕ ಇಷ್ಟವಾಗಬಹುದು.

ಶಾಲಾ ಗ್ರಂಥಾಲಯದ ಚಿಂತನೆ

1942ರಲ್ಲಿ ರಂಗನಾಥನ್ ರವರು ಶಾಲಾ ಕಾಲೇಜು ಗ್ರಂಥಾಲಯಗಳ ಬಗ್ಗೆಯೇ ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದರು. ಶಿಕ್ಷಣವು ಪಠ್ಯಪುಸ್ತಕಕ್ಕೆ ಸೀಮಿತವಾಗಬಾರದು, ಮಗು ತಾನೇ ಹುಡುಕಿ ಓದುವುದನ್ನು ಕಲಿಯಬೇಕು ಎಂಬುದು ಅವರ ದೃಢ ನಿಲುವಾಗಿತ್ತು.

ಈ ನಿಲುವಿಗೆ ಅಡ್ಡಿಯಾಗಿದ್ದುದು ಹಣದ ಕೊರತೆಯೊಂದೇ ಅಲ್ಲ. ದಾಸ್ತಾನು ಪರಿಶೀಲನೆಯಲ್ಲಿ ಪುಸ್ತಕ ಕಡಿಮೆ ಕಂಡುಬಂದರೆ ಹೊಣೆ ಹೊತ್ತ ಉಪಾಧ್ಯಾಯರೇ ಅದರ ಬೆಲೆಯನ್ನು ಭರಿಸಬೇಕೆಂಬ ಭಯದಿಂದ ಪುಸ್ತಕಗಳು ಬೀರುವಿನಲ್ಲಿಯೇ ಉಳಿಯುತ್ತಿದ್ದವು. ದಾಖಲೆ ಪುಸ್ತಕದ ಲೆಕ್ಕ ಸರಿಯಾಗಿರುತ್ತಿತ್ತು. ಮಕ್ಕಳಿಗೆ ಮಾತ್ರ ಪುಸ್ತಕ ದೊರೆಯುತ್ತಿರಲಿಲ್ಲ. ಮುಕ್ತ ಪ್ರವೇಶದಿಂದ ಕೆಲವು ಪುಸ್ತಕಗಳು ಕಳೆದರೂ, ಬಳಕೆಯಿಂದ ಆಗುವ ಲಾಭದ ಮುಂದೆ ಆ ನಷ್ಟ ಅಲ್ಪವೆಂದು ರಂಗನಾಥನ್ ರವರು ಪ್ರತಿಪಾದಿಸಿದರು. ಸವೆದ ಪುಸ್ತಕ ಓದಿದ ಮಗುವಿನ ಗುರುತಾದರೆ, ಮಾಸದ ಪುಸ್ತಕ ವ್ಯರ್ಥವಾದ ವೆಚ್ಚದ ಗುರುತು ಎಂಬುದು ಅವರ ಮೊದಲ ಸೂತ್ರದಿಂದ ಯಾರಿಗಾದರೂ ತಿಳಿಯುವ ಸಂಗತಿಯಾಗಿದೆ.

ಕರ್ನಾಟಕ ಮತ್ತು ರಂಗನಾಥನ್

ಬನಾರಸ್, ದೆಹಲಿ ಮುಂತಾದೆಡೆ ಸೇವೆ ಸಲ್ಲಿಸಿದ ರಂಗನಾಥನ್ ರವರು ಜೀವನದ ಕೊನೆಯ ಭಾಗವನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಗ್ರಂಥಾಲಯ ಶಾಸನ ಜಾರಿಗೆ ಬಂದಿತ್ತು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಹಿಂದೆಯೂ ಅವರ ಮಾರ್ಗದರ್ಶನವಿತ್ತು. ಆಸ್ತಿ ತೆರಿಗೆಯೊಂದಿಗೆ ನಾಗರಿಕರು ಪಾವತಿಸುವ ಗ್ರಂಥಾಲಯ ಕರಕ್ಕೆ ಈ ಅಧಿನಿಯಮವೇ ಆಧಾರ.

ಸರಳ ಹತ್ತಿಯ ಉಡುಪು ಧರಿಸಿ, ತಮ್ಮ ಉಳಿತಾಯದ ಹಣವನ್ನು ಗ್ರಂಥಾಲಯ ಶಿಕ್ಷಣಕ್ಕೆ ದಾನ ಮಾಡಿದ ಅವರಿಗೆ 1957ರಲ್ಲಿ ಪದ್ಮಶ್ರೀ ಪ್ರಶಸ್ತಿ ಹಾಗೂ 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವ ಲಭಿಸಿದವು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಸಾರ್ವಜನಿಕರ ಗಮನಕ್ಕೆ

2020ರ ನವೆಂಬರಿನಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ವ್ಯವಸ್ಥೆ ಮಾಡಲಾಯಿತು. ಗ್ರಂಥಾಲಯ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವ ಪೋಷಕರು ಮಕ್ಕಳನ್ನೂ ಜೊತೆಯಲ್ಲಿ ಕರೆತಂದು, ಪುಸ್ತಕವನ್ನು ಅವರೇ ಆರಿಸಿಕೊಳ್ಳಲು ಅವಕಾಶ ನೀಡುವುದು ಅಪೇಕ್ಷಣೀಯ. ಶಾಲೆಗಳ ಮುಖ್ಯೋಪಾಧ್ಯಾಯರು ಬೀರುವಿನಲ್ಲಿರುವ ಪುಸ್ತಕಗಳನ್ನು ಮಕ್ಕಳ ಕೈಗೆ ಎಟುಕುವಂತೆ ಇರಿಸಿ, ವಾರಕ್ಕೆ ಒಂದು ಅವಧಿಯನ್ನಾದರೂ ಪ್ರಶ್ನೋತ್ತರವಿಲ್ಲದ ಓದಿಗೆ ಮೀಸಲಿಡುವುದೇ ರಂಗನಾಥನ್ ರವರಿಗೆ ಸಲ್ಲಿಸುವ ನಿಜವಾದ ಗೌರವವಾಗಿದೆ.