ಇವಾನ್ ಯಾರ್ಕೊವ್‌ಸ್ಕಿ (1844–1902): ಬಿಸಿಲಿನ ಬಲವನ್ನು ಲೆಕ್ಕ ಹಾಕಿದ ರೈಲ್ವೆ ಎಂಜಿನಿಯರ್

ಪೀಠಿಕೆ

ಕೊಡಗು ಜಿಲ್ಲೆಯಲ್ಲಿ ಕಾಫಿ ಕೊಯ್ಲಿನ ಕಾಲ ಬಂದಿತೆಂದರೆ ತೋಟದ ಕಣಗಳಲ್ಲಿ ಹಣ್ಣನ್ನು ಹರಡಿ ಒಣಗಿಸಲಾಗುತ್ತದೆ. ಸೂರ್ಯನು ನೆತ್ತಿಯ ಮೇಲಿರುವ ಹನ್ನೆರಡು ಗಂಟೆಗಿಂತಲೂ ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಕಣದ ನೆಲ ಹೆಚ್ಚು ಬಿಸಿಯಾಗಿರುತ್ತದೆ ಎಂಬುದು ಅಲ್ಲಿ ಬರಿಗಾಲಿನಲ್ಲಿ ದುಡಿದವರಿಗೆಲ್ಲ ತಿಳಿದ ವಿಷಯ. ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ನೆಲವು ತನ್ನ ಕಾವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಹೀಗೆ ನೆಲವು ಬಿಸಿಲನ್ನು ಹೀರಿ ತಡವಾಗಿ ಹೊರಬಿಡುವ ಕ್ರಿಯೆಯು ಆಕಾಶದಲ್ಲಿ ತಿರುಗುವ ಬಂಡೆಗಳ ದಾರಿಯನ್ನೇ ಬದಲಿಸಬಲ್ಲುದು ಎಂಬ ವಿಚಾರವನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಮಂಡಿಸಿದವರು ಇವಾನ್ ಒಸಿಪೊವಿಚ್ ಯಾರ್ಕೊವ್‌ಸ್ಕಿ. ಇವರು ಖಗೋಳ ವಿಜ್ಞಾನಿಯಾಗಿರಲಿಲ್ಲ. ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ಒಬ್ಬ ಎಂಜಿನಿಯರ್ ಆಗಿದ್ದರು. ಇಂದು ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲರೂ ಬಲ್ಲ ಈ ಹೆಸರಿನ ಹಿಂದಿರುವ ಜೀವನವನ್ನು ವಿದ್ಯಾರ್ಥಿಗಳ ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಯಾರ್ಕೊವ್‌ಸ್ಕಿ ಅವರು 1844ರ ಮೇ 24ರಂದು ಅಂದಿನ ರಷ್ಯಾ ಸಾಮ್ರಾಜ್ಯದ ವಿಟೆಬ್‌ಸ್ಕ್ ಪ್ರಾಂತದ ಒಸ್ವೇಯ ಎಂಬ ಊರಿನಲ್ಲಿ ಜನಿಸಿದರು. ಈ ಊರು ಇಂದು ಬೆಲಾರೂಸ್ ದೇಶಕ್ಕೆ ಸೇರಿದೆ. ಇವರದು ಪೋಲಿಷ್ ಮೂಲದ ಕುಟುಂಬ. ತಂದೆ ವೈದ್ಯರಾಗಿದ್ದರು. ಇವರು ಎಳೆಯ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯು ಮಗನೊಡನೆ ಮಾಸ್ಕೋ ನಗರಕ್ಕೆ ಬಂದು ನೆಲೆಸಿದರು. ತಂದೆಯಿಲ್ಲದ ಮಕ್ಕಳಿಗಾಗಿ ಇದ್ದ ಸೈನಿಕ ಶಾಲೆಯಲ್ಲಿ ಇವರ ವಿದ್ಯಾಭ್ಯಾಸ ನಡೆಯಿತು.

ಶಾಲೆಯ ಶಿಕ್ಷಣ ಮುಗಿದ ಬಳಿಕ ಇವರು ಕಾಕಸಸ್ ಪರ್ವತ ಪ್ರದೇಶದಲ್ಲಿ ಫಿರಂಗಿ ಪಡೆಯ ಸೇವೆಗೆ ಸೇರಿದರು. ಆದರೆ ಇವರ ಒಲವು ಯಂತ್ರಗಳ ಮತ್ತು ವಿಜ್ಞಾನದ ಕಡೆಗಿತ್ತು. ಸೇನೆಯನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ನ ತಾಂತ್ರಿಕ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ ಎಂಜಿನಿಯರ್ ಪದವಿಯನ್ನು ಪಡೆದರು.

ವೃತ್ತಿ ಜೀವನ

ಆ ಕಾಲದಲ್ಲಿ ರಷ್ಯಾದಲ್ಲಿ ರೈಲು ಮಾರ್ಗಗಳು ವೇಗವಾಗಿ ವಿಸ್ತರಿಸುತ್ತಿದ್ದವು. ಯಾರ್ಕೊವ್‌ಸ್ಕಿ ಅವರು ಮೊದಲು ಕೀವ್–ಬ್ರೆಸ್ಟ್ ಮಾರ್ಗದಲ್ಲಿ, ಅನಂತರ ಮಾಸ್ಕೋ–ಬ್ರೆಸ್ಟ್ ಮಾರ್ಗದಲ್ಲಿ ಸೇವೆ ಸಲ್ಲಿಸಿದರು. ಮಾಸ್ಕೋದಲ್ಲಿ ಇವರ ಸೇವೆ ಹಲವು ವರ್ಷಗಳ ಕಾಲ ಮುಂದುವರಿಯಿತು. 1894ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಅಲ್ಲಿನ ನೆವ್‌ಸ್ಕಿ ಕಾರ್ಖಾನೆಯನ್ನು ಸೇರಿದರು. ಇವರ ಪುತ್ರ ವಿಟೋಲ್ಡ್ ಅವರೂ ಮುಂದೆ ವಿಮಾನಯಾನ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿ ಹೆಸರು ಪಡೆದರು.

ವಿಜ್ಞಾನವು ಇವರಿಗೆ ಜೀವನೋಪಾಯವಾಗಿರಲಿಲ್ಲ. ಯಾವ ವಿಶ್ವವಿದ್ಯಾಲಯದಲ್ಲಿಯೂ ಇವರಿಗೆ ಪೀಠವಿರಲಿಲ್ಲ, ಯಾವ ವೀಕ್ಷಣಾಲಯವೂ ಇವರ ಅಧೀನದಲ್ಲಿರಲಿಲ್ಲ. ಆದಾಗ್ಯೂ ಕಚೇರಿಯ ಕೆಲಸದಿಂದ ಉಳಿದ ವೇಳೆಯಲ್ಲಿ ಗುರುತ್ವಾಕರ್ಷಣೆಯ ಕಾರಣವೇನು ಎಂಬ ಪ್ರಶ್ನೆಯನ್ನು ಇವರು ಜೀವನವಿಡೀ ಬೆನ್ನಟ್ಟಿದರು.

ಈಥರ್ ಸಿದ್ಧಾಂತ

ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಆಕಾಶದ ತುಂಬ ಈಥರ್ ಎಂಬ ಕಣ್ಣಿಗೆ ಕಾಣದ ವಸ್ತುವು ತುಂಬಿದೆ ಎಂದು ಭಾವಿಸಿದ್ದರು. ಬೆಳಕು ಈಥರ್‌ನ ಮೂಲಕವೇ ಸಾಗುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು. ಯಾರ್ಕೊವ್‌ಸ್ಕಿ ಅವರು ಇದೇ ಆಧಾರದ ಮೇಲೆ 1888ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆಕಾಶಕಾಯಗಳು ಈಥರನ್ನು ಹೀರಿಕೊಳ್ಳುವುದರಿಂದ ಗುರುತ್ವಾಕರ್ಷಣೆ ಉಂಟಾಗುತ್ತದೆ, ಹೀಗೆ ಹೀರಲ್ಪಟ್ಟ ಈಥರ್ ಕಾಯದ ಒಡಲಿನಲ್ಲಿ ರಾಸಾಯನಿಕ ಧಾತುಗಳಾಗಿ ಮಾರ್ಪಡುತ್ತದೆ ಎಂಬುದು ಇದರ ಮುಖ್ಯ ಪ್ರತಿಪಾದನೆಯಾಗಿತ್ತು. ಈ ಸಿದ್ಧಾಂತವನ್ನು ವಿಜ್ಞಾನ ಲೋಕವು ಅಂಗೀಕರಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈಥರ್‌ನ ಕಲ್ಪನೆಯನ್ನೇ ಭೌತವಿಜ್ಞಾನವು ಕೈಬಿಟ್ಟಿತು.

ಈಥರ್ ಎಂಬುದಿದ್ದಲ್ಲಿ ಅದರೊಳಗೆ ಚಲಿಸುವ ಗ್ರಹಗಳಿಗೆ ಅಡ್ಡಿಯಾಗಬೇಕು. ಹಾಗಿದ್ದರೂ ಗ್ರಹಗಳು ವೇಗ ಕಳೆದುಕೊಳ್ಳುತ್ತಿಲ್ಲ. ಅವುಗಳನ್ನು ಮುಂದಕ್ಕೆ ತಳ್ಳುವ ಬಲ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಯಾರ್ಕೊವ್‌ಸ್ಕಿ ಅವರು 1901ರಲ್ಲಿ ಬ್ರ್ಯಾನ್‌ಸ್ಕ್ ನಗರದಲ್ಲಿ ರಷ್ಯನ್ ಭಾಷೆಯ ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದರು. ತನ್ನ ಸುತ್ತ ತಿರುಗುವ ಗ್ರಹದ ಅಪರಾಹ್ನದ ಭಾಗವು ಬೆಳಗಿನ ಭಾಗಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಈ ಬಿಸಿಯಾದ ಬದಿಯು ಗ್ರಹದ ಚಲನೆಯ ಹಿಂಭಾಗದಲ್ಲಿರುವುದರಿಂದ ಅಲ್ಲಿ ಒತ್ತಡ ಹೆಚ್ಚಿ ಗ್ರಹವು ಮುಂದಕ್ಕೆ ತಳ್ಳಲ್ಪಡುತ್ತದೆ ಎಂದು ಅವರು ತರ್ಕಿಸಿದರು. ಅವರು ಕೊಟ್ಟ ಕಾರಣ ತಪ್ಪಾಗಿತ್ತು. ಆದರೆ ಬಿಸಿಲು, ತಿರುಗುವಿಕೆ ಮತ್ತು ಕಾವಿನ ವಿಳಂಬ ಈ ಮೂರನ್ನೂ ಜೋಡಿಸಿ ಅವರು ಕಂಡುಕೊಂಡ ಪರಿಣಾಮ ನಿಜವಾಗಿತ್ತು.

ನಿಧನ ಮತ್ತು ವಿಸ್ಮೃತಿ

ಕಿರುಹೊತ್ತಗೆ ಹೊರಬಂದ ಮರುವರ್ಷವೇ, 1902ರ ಜನವರಿಯಲ್ಲಿ, ಯಾರ್ಕೊವ್‌ಸ್ಕಿ ಅವರು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಅರ್ಬುದ ರೋಗದಿಂದ ನಿಧನರಾದರು. ಆಗ ಅವರಿಗೆ 57 ವರ್ಷ. ಅವರ ಹೊತ್ತಗೆಯನ್ನು ಓದಿದವರು ಕೆಲವೇ ಮಂದಿ. ಪ್ರತಿಗಳು ಕಾಲಕ್ರಮೇಣ ಕಣ್ಮರೆಯಾದವು. ಅವರ ಹೆಸರೂ ಮರೆಯಾಯಿತು.

ಅದೃಷ್ಟವಶಾತ್ ಒಂದು ಪ್ರತಿಯು 1909ರ ಸುಮಾರಿಗೆ ಎಸ್ಟೋನಿಯದ ಅರ್ನ್ಸ್ಟ್ ಎಪಿಕ್ ಎಂಬ ಹದಿಹರೆಯದ ಬಾಲಕನ ಕೈಗೆ ದೊರೆಯಿತು. ಈ ಬಾಲಕನೇ ಮುಂದೆ ಪ್ರಸಿದ್ಧ ಖಗೋಳ ವಿಜ್ಞಾನಿಯಾದರು. ಉತ್ತರ ಐರ್ಲೆಂಡ್‌ನ ಆರ್ಮಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, 1951ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅವರು ನಾಲ್ಕು ದಶಕಗಳ ಹಿಂದಿನ ಓದನ್ನು ನೆನಪಿನಿಂದಲೇ ಉಲ್ಲೇಖಿಸಿ ಈ ಪರಿಣಾಮಕ್ಕೆ ಯಾರ್ಕೊವ್‌ಸ್ಕಿ ಅವರ ಹೆಸರನ್ನು ಜೋಡಿಸಿದರು. ಮೂಲ ಹೊತ್ತಗೆ ಎಲ್ಲಿದೆ ಎಂಬುದು ಆಗ ತಿಳಿದಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಜಾರ್ಜ್ ಬೀಕ್‌ಮನ್ ಅವರು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದನ್ನು ಪತ್ತೆಹಚ್ಚಿ ಯಾರ್ಕೊವ್‌ಸ್ಕಿ ಅವರ ಜೀವನದ ವಿವರಗಳನ್ನು ಬೆಳಕಿಗೆ ತಂದರು. ಒಬ್ಬ ಓದುಗನ ಸ್ಮರಣೆ ಇಲ್ಲದೇ ಹೋಗಿದ್ದಲ್ಲಿ ಈ ಪರಿಣಾಮಕ್ಕೆ ಇಂದು ಬೇರೊಂದು ಹೆಸರು ಇರುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಪರಿಣಾಮದ ನಿಜವಾದ ಕಾರಣ

ಬೆಳಕಿಗೂ ಕಾವಿಗೂ ಅತ್ಯಲ್ಪವಾದ ಒತ್ತಡವಿದೆ. ಭೂಮಿಯಷ್ಟು ದೂರದಲ್ಲಿ ಒಂದು ಚದರ ಮೀಟರ್ ಕಪ್ಪು ಹಾಳೆಯ ಮೇಲೆ ಸೂರ್ಯನ ಬೆಳಕು ಹಾಕುವ ಒತ್ತಡವು ಸುಮಾರು ಅರ್ಧ ಮಿಲಿಗ್ರಾಂ ತೂಕಕ್ಕೆ ಸಮ. ಬೆಳಕಿನ ಒತ್ತಡವನ್ನು ಪ್ರಯೋಗದಿಂದ ಮೊದಲು ಅಳೆದವರಲ್ಲಿ ಪ್ರಮುಖರಾದ ಪ್ಯೋತ್ರ್ ಲೆಬೆಡೆವ್ ಅವರೂ ಮಾಸ್ಕೋದವರೇ. ಯಾರ್ಕೊವ್‌ಸ್ಕಿ ಅವರ ಹೊತ್ತಗೆ ಅಚ್ಚಾದ 1901ರಲ್ಲಿಯೇ ಲೆಬೆಡೆವ್ ಅವರ ಪ್ರಯೋಗದ ವಿವರಗಳೂ ಪ್ರಕಟವಾದುದು ಗಮನಾರ್ಹ.

ಬಂಡೆಯೊಂದು ಕಾವನ್ನು ಹೊರಬಿಟ್ಟಾಗ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಕಿಂಚಿತ್ ತಳ್ಳು ಉಂಟಾಗುತ್ತದೆ. ಸೂರ್ಯನನ್ನು ಸುತ್ತುವ ದಿಕ್ಕಿನಲ್ಲಿಯೇ ತನ್ನ ಸುತ್ತಲೂ ತಿರುಗುವ ಕ್ಷುದ್ರಗ್ರಹದಲ್ಲಿ ಈ ತಳ್ಳು ಮುಂದಕ್ಕಿದ್ದು ಕಕ್ಷೆಯು ಹಿಗ್ಗುತ್ತದೆ. ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಕಕ್ಷೆಯು ಕುಗ್ಗುತ್ತದೆ. ಗೊಲೆವ್ಕ ಎಂಬ ಸಣ್ಣ ಕ್ಷುದ್ರಗ್ರಹವು 1991ರಿಂದ 2003ರವರೆಗೆ ಈ ಕಾರಣದಿಂದ ಸುಮಾರು 15 ಕಿಲೋಮೀಟರ್ ಸರಿದಿರುವುದನ್ನು ರೇಡಾರ್ ಮೂಲಕ ಅಳೆಯಲಾಯಿತು. ಯಾರ್ಕೊವ್‌ಸ್ಕಿ ಪರಿಣಾಮಕ್ಕೆ ದೊರೆತ ಮೊದಲ ನೇರ ಪುರಾವೆ ಇದೇ ಆಗಿದೆ.

ತಿರುಗುವಿಕೆಯಲ್ಲಿ ಬದಲಾವಣೆ

ಬಿಸಿಲು ಕ್ಷುದ್ರಗ್ರಹದ ದಾರಿಯನ್ನಷ್ಟೇ ಅಲ್ಲದೆ ಅದು ತನ್ನ ಸುತ್ತ ತಿರುಗುವ ವೇಗವನ್ನೂ ಬದಲಿಸುತ್ತದೆ. ರಷ್ಯಾದ ರಾಡ್ಜಿಯೆವ್‌ಸ್ಕಿ ಅವರು 1950ರ ದಶಕದಲ್ಲಿ, ಅಮೆರಿಕದ ಜಾನ್ ಓಕೀಫ್ ಮತ್ತು ಸ್ಟೀಫನ್ ಪ್ಯಾಡಕ್ ಅವರು 1960ರ ದಶಕದ ಕೊನೆಯ ಹಾಗೂ ನಂತರದ ವರ್ಷಗಳಲ್ಲಿ ಈ ಕುರಿತು ಅಧ್ಯಯನ ನಡೆಸಿದರು. ಇವರೆಲ್ಲರ ಹೆಸರಿನ ಮೊದಲ ಅಕ್ಷರಗಳನ್ನು ಯಾರ್ಕೊವ್‌ಸ್ಕಿ ಅವರ ಹೆಸರಿನೊಡನೆ ಸೇರಿಸಿ 2000ದಲ್ಲಿ ಅಮೆರಿಕದ ಡೇವಿಡ್ ರೂಬಿನ್‌ಕ್ಯಾಮ್ ಅವರು ಇದನ್ನು ಯಾರ್ಪ್ ಪರಿಣಾಮ ಎಂದು ಕರೆದರು.

ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಟಲೆಯ ರೆಕ್ಕೆಗಳು ಓರೆಯಾಗಿರುವುದರಿಂದಲೇ ಅದು ಗಾಳಿಗೆ ತಿರುಗುತ್ತದೆ. ಸಣ್ಣ ಕ್ಷುದ್ರಗ್ರಹಗಳು ಗುಂಡಾಗಿರದೆ ಉಬ್ಬುತಗ್ಗುಗಳಿಂದ ಕೂಡಿರುತ್ತವೆ. ಅವುಗಳ ಮೈಯಿಂದ ಹೊರಬೀಳುವ ಬೆಳಕು ಮತ್ತು ಕಾವು ಎಲ್ಲ ಕಡೆಗೂ ಸಮನಾಗಿ ಹೋಗದ ಕಾರಣ ಅಲ್ಪ ತಿರುಚುವ ಬಲ ಉಂಟಾಗುತ್ತದೆ. ಆಕಾರವನ್ನು ಅನುಸರಿಸಿ ತಿರುಗುವಿಕೆಯು ಚುರುಕಾಗಬಹುದು ಅಥವಾ ನಿಧಾನವಾಗಬಹುದು. ದಿನವೂ ಕಟ್ಟುವ ಪಿಗ್ಮಿ ಠೇವಣಿಯಂತೆ ಈ ಬಲವು ದಿನದ ಲೆಕ್ಕದಲ್ಲಿ ತೀರ ಸಣ್ಣದು. ಲಕ್ಷಾಂತರ ವರ್ಷಗಳಲ್ಲಿ ಸೇರುವ ಮೊತ್ತವೇ ದೊಡ್ಡದು. ಕಾಯವು ದೊಡ್ಡದಾದಷ್ಟೂ ಪರಿಣಾಮ ಕಡಿಮೆಯಾಗುವುದರಿಂದ ದೊಡ್ಡ ಕ್ಷುದ್ರಗ್ರಹಗಳಲ್ಲಿ ಇದು ಗಣನೆಗೆ ಬರುವುದಿಲ್ಲ.

2007ರಲ್ಲಿ ಇದಕ್ಕೆ ನೇರ ಪುರಾವೆ ದೊರೆಯಿತು. ಸುಮಾರು 12 ನಿಮಿಷಕ್ಕೊಮ್ಮೆ ತಿರುಗುವ, ಸುಮಾರು ನೂರು ಮೀಟರ್ ಗಾತ್ರದ ಒಂದು ಕ್ಷುದ್ರಗ್ರಹದ ತಿರುಗುವ ಅವಧಿಯು ವರ್ಷಕ್ಕೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಡಿಮೆಯಾಗುತ್ತಿರುವುದು ಕಂಡುಬಂದಿತು. ಈ ಕ್ಷುದ್ರಗ್ರಹಕ್ಕೆ ಯಾರ್ಪ್ ಎಂದೇ ಹೆಸರಿಡಲಾಗಿದೆ. ಜಪಾನಿನ ನೌಕೆಯು 2005ರಲ್ಲಿ ಸಂದರ್ಶಿಸಿದ ಇಟೊಕಾವ ಕ್ಷುದ್ರಗ್ರಹದಲ್ಲಿಯೂ ಇದೇ ಬಗೆಯ ಬದಲಾವಣೆಯನ್ನು 2014ರಲ್ಲಿ ವರದಿ ಮಾಡಲಾಯಿತು.

ಅನೇಕ ಕ್ಷುದ್ರಗ್ರಹಗಳು ಒಂದೇ ಬಂಡೆಯಲ್ಲ. ಗುರುತ್ವದಿಂದ ಒಟ್ಟುಗೂಡಿದ ಕಲ್ಲುರಾಶಿಗಳು. ಇಂತಹ ರಾಶಿಯು ಸುಮಾರು 2.2 ಗಂಟೆಗಿಂತ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗತೊಡಗಿದರೆ ಕಲ್ಲುಗಳು ನಡುರೇಖೆಯ ಬಳಿಯಿಂದ ಕಳಚಿಕೊಳ್ಳುತ್ತವೆ. ಕಳಚಿದ ಭಾಗಗಳು ಒಂದುಗೂಡಿ ಪುಟ್ಟ ಉಪಗ್ರಹವಾಗುವುದೂ ಉಂಟು. ಭೂಮಿಯ ಸಮೀಪದ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ಸುಮಾರು 15ರಷ್ಟು ಜೋಡಿಗಳಾಗಿರುವುದಕ್ಕೆ ಬಿಸಿಲಿನ ಈ ಕೆಲಸವೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಕರ್ನಾಟಕದೊಂದಿಗೆ ನಂಟು

ಬಿಸಿಲಿನ ಒತ್ತಡದ ಲೆಕ್ಕವು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಕೊಡಗಿನ ನೆರೆಯ ಹಾಸನದಲ್ಲಿ 1982ರಿಂದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. ಇಲ್ಲಿಂದ ನಿಯಂತ್ರಿಸಲಾದ ಇನ್ಸಾಟ್-2 ಸರಣಿಯ ಉಪಗ್ರಹಗಳಲ್ಲಿ ಮೊದಲನೆಯದು 1992ರಲ್ಲಿ ಉಡಾವಣೆಗೊಂಡಿತು. ಹವಾಮಾನ ವೀಕ್ಷಣೆಯ ಉಪಕರಣವನ್ನು ತಂಪಾಗಿಡುವ ಸಲುವಾಗಿ ಈ ಉಪಗ್ರಹಕ್ಕೆ ಸೌರಫಲಕವನ್ನು ಒಂದು ಬದಿಯಲ್ಲಿ ಮಾತ್ರ ಅಳವಡಿಸಲಾಗಿತ್ತು. ಇದರಿಂದ ಬಿಸಿಲಿನ ಒತ್ತಡವು ಒಂದೇ ಬದಿಗೆ ಬಿದ್ದು ಉಪಗ್ರಹವು ತಿರುಚಿಕೊಳ್ಳುವ ಸಂಭವವಿತ್ತು. ಇದನ್ನು ಸರಿದೂಗಿಸಲು ಮತ್ತೊಂದು ಬದಿಯಲ್ಲಿ ಉದ್ದನೆಯ ಕಂಬದ ತುದಿಗೆ ಸೌರಪಟವೊಂದನ್ನು ಜೋಡಿಸಲಾಗಿತ್ತು. ಕ್ಷುದ್ರಗ್ರಹವನ್ನು ತಿರುಚುವ ಬಲವೂ ಇದೇ ವರ್ಗಕ್ಕೆ ಸೇರಿದುದು.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಹೊಸ ಕ್ಷುದ್ರಗ್ರಹವೊಂದನ್ನು ಪತ್ತೆಹಚ್ಚಲಾಯಿತು. ಅದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರನ್ನು ಇಡಲಾಗಿದೆ.

ಇಂದಿನ ಪ್ರಸ್ತುತತೆ

ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸುವುದೇ ಇಲ್ಲವೇ ಎಂದು ಹಲವು ದಶಕಗಳ ಮುಂಚಿತವಾಗಿ ಹೇಳಬೇಕಾದರೆ ಯಾರ್ಕೊವ್‌ಸ್ಕಿ ಪರಿಣಾಮವನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಬೆನ್ನು ಎಂಬ ಕ್ಷುದ್ರಗ್ರಹದ ಕಕ್ಷೆಯು ಈ ಕಾರಣದಿಂದ ವರ್ಷಕ್ಕೆ ಸರಾಸರಿ 284 ಮೀಟರ್‌ನಷ್ಟು ಕುಗ್ಗುತ್ತಿದೆ. ಅದರ ತಿರುಗುವಿಕೆಯೂ ನಿಧಾನವಾಗಿ ಚುರುಕಾಗುತ್ತಿದೆ. ಅಮೆರಿಕದ ನೌಕೆಯು ಅಲ್ಲಿಂದ ಸಂಗ್ರಹಿಸಿದ ಮಣ್ಣು ಮತ್ತು ಕಲ್ಲಿನ ಮಾದರಿಗಳು 2023ರ ಸೆಪ್ಟೆಂಬರ್ 24ರಂದು ಭೂಮಿಗೆ ತಲುಪಿದವು.

2004ರಲ್ಲಿ ಪತ್ತೆಯಾದ ಅಪೋಫಿಸ್ ಎಂಬ ಕ್ಷುದ್ರಗ್ರಹದ ಬಗ್ಗೆ ಸಾರ್ವಜನಿಕರಲ್ಲಿ ಆತಂಕವಿತ್ತು. ಇದು 2029ರ ಏಪ್ರಿಲ್ 13ರಂದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. 2021ರಲ್ಲಿ ನಡೆಸಿದ ರೇಡಾರ್ ವೀಕ್ಷಣೆಗಳ ಬಳಿಕ ಮುಂದಿನ ನೂರು ವರ್ಷಗಳವರೆಗೆ ಇದರಿಂದ ಭೂಮಿಗೆ ಅಪಾಯವಿಲ್ಲವೆಂದು ಖಚಿತಪಡಿಸಲಾಗಿದೆ. ಆದ್ದರಿಂದ ಈ ಕುರಿತು ಹಬ್ಬುವ ವದಂತಿಗಳಿಗೆ ಸಾರ್ವಜನಿಕರು ಕಿವಿಗೊಡಬೇಕಾಗಿಲ್ಲ. ಈ ಭರವಸೆಯನ್ನು ನೀಡಲು ಸಾಧ್ಯವಾದ ಲೆಕ್ಕಾಚಾರದಲ್ಲಿ ಮರೆತುಹೋಗಿದ್ದ ರೈಲ್ವೆ ಎಂಜಿನಿಯರ್ ಒಬ್ಬರ ಪಾಲೂ ಇದೆ.

ಉಪಸಂಹಾರ

ಯಾರ್ಕೊವ್‌ಸ್ಕಿ ಅವರು ತಮ್ಮ ಜೀವಮಾನದ ಶ್ರಮವನ್ನು ಮೀಸಲಿಟ್ಟ ಈಥರ್ ಸಿದ್ಧಾಂತವು ಉಳಿಯಲಿಲ್ಲ. ಅದರ ಸಮರ್ಥನೆಗಾಗಿ ಬರೆದ ಕಿರುಹೊತ್ತಗೆಯ ಒಂದು ವಿಚಾರ ಮಾತ್ರ ಉಳಿಯಿತು. ಅದು ನಿಜವೆಂದು ಸಾಬೀತಾಗಲು ಅವರ ನಿಧನದ ನಂತರ ನೂರು ವರ್ಷಗಳು ಬೇಕಾದವು. ಇಂದು ಕ್ಷುದ್ರಗ್ರಹವೊಂದು ಅವರ ಹೆಸರನ್ನು ಹೊತ್ತು ಸೂರ್ಯನನ್ನು ಸುತ್ತುತ್ತಿದೆ.

ಪೀಠ ಅಥವಾ ದೊಡ್ಡ ಉಪಕರಣಗಳಿಲ್ಲದೆಯೂ ದಿನನಿತ್ಯದ ಅನುಭವವನ್ನು ಸೂಕ್ಷ್ಮವಾಗಿ ಗಮನಿಸಿದವರು ಜ್ಞಾನಕ್ಕೆ ಕೊಡುಗೆ ನೀಡಬಲ್ಲರು ಎಂಬುದನ್ನು ಇವರ ಜೀವನವು ತೋರಿಸುತ್ತದೆ. ಹಳೆಯ ಕಾಗದಪತ್ರಗಳನ್ನೂ ಸಣ್ಣ ಹೊತ್ತಗೆಗಳನ್ನೂ ಜೋಪಾನವಾಗಿ ಕಾಯ್ದಿಡಬೇಕಾದ ಅಗತ್ಯವನ್ನೂ ಇದು ನೆನಪಿಸುತ್ತದೆ. ಸಂಜೆಯ ಹೊತ್ತು ಕಾಫಿ ಕಣದ ನೆಲವನ್ನು ಮುಟ್ಟಿ ನೋಡುವ ಕೊಡಗಿನ ವಿದ್ಯಾರ್ಥಿಗೆ ಯಾರ್ಕೊವ್‌ಸ್ಕಿ ಅವರ ವಿಚಾರವನ್ನು ಅರಿಯಲು ಬೇರೆ ಪ್ರಯೋಗಶಾಲೆಯ ಅವಶ್ಯಕತೆ ಇಲ್ಲ.